ಕೆಮ್ಮು ಕೇಳಿಸಿತೇ?

ನಮ್ಮ ರಾಯರ ಫೋನಿನಲ್ಲಿ ನೂರಾರು ಹಾಡುಗಳಿವೆ. ಒಂದನ್ನೂ ಅವರು ಪೂರ್ತಿ ಕೇಳಿದವರಲ್ಲ. ಎಲ್ಲವೂ ಹೆಡ್‌ಫೋನ್ ಪರೀಕ್ಷೆಗೆಂದು ಕೂಡಿಟ್ಟವು. ಅನ್ನ ಬೆಂದಿದೆಯೇ ಎಂದು ಎಲ್ಲರೂ ಒಂದು ಅಗುಳು ಹಿಸುಕಿ ನೋಡುತ್ತಾರೆ. ರಾಯರು ಅಗುಳು ಹಿಸುಕುತ್ತಲೇ ಊಟ ಮುಗಿಸುವ ಜಾತಿ.

ಎಸ್.ಪಿ. ರಸ್ತೆಯ ಅಂಗಡಿಗೆ ಅವರು ಕಾಲಿಟ್ಟರೆ ಹಳೆಯ ಹುಡುಗರು ಊಟದ ನೆಪ ಹೇಳಿ ಒಳಗೆ ಸರಿಯುತ್ತಾರೆ. ಸಿಕ್ಕಿಬಿದ್ದ ಹೊಸ ಹುಡುಗ ಡಬ್ಬ ಬಿಚ್ಚುತ್ತಾನೆ. ಮೊದಲ ಹಾಡು ಎಂದೂ ಬದಲಾಗದು: ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’, ಅದೂ 1994ರ ‘ಹೆಲ್ ಫ್ರೀಜಸ್ ಓವರ್’ ಆಲ್ಬಮ್ಮಿನ ಲೈವ್ ಆವೃತ್ತಿಯೇ ಆಗಬೇಕು. ಗಿಟಾರು, ಚಪ್ಪಾಳೆ, ಆಮೇಲೆ ಎದೆಗೆ ಗುದ್ದುವ ಡ್ರಮ್ಮು. “ನೋಡು, ಬೇಸ್ ಬಂತು. ಆದ್ರೆ ಊದಿಕೊಂಡಿದೆ.” ಗಾಯಕ ಬಾಯಿ ತೆರೆಯುವ ಹೊತ್ತಿಗೆ ರಾಯರು ಮುಂದಿನ ಹಾಡಿಗೆ ದಾಟಿರುತ್ತಾರೆ. ಆ ಹೋಟೆಲಿನೊಳಗೆ ಏನಿದೆಯೆಂದು ಅವರಿಗೆ ಇಂದಿಗೂ ಗೊತ್ತಿಲ್ಲ.

ಎರಡನೆಯದು ಸುಝಾನ್ ವೇಗಾ ಅವರ ‘ಟಾಮ್ಸ್ ಡೈನರ್’. ವಾದ್ಯವೇ ಇಲ್ಲದ ಬರೀ ಹೆಣ್ಣುದನಿ. “ಎಂಪಿ3 ಕೇಳೋ ಕಿವಿಗೆ ಇದೆಲ್ಲ ತಿಳಿಯಲ್ಲಪ್ಪ” ಎಂದು ಮೂಗು ಮುರಿಯುತ್ತಾರೆ. ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡನ್‌ಬುರ್ಗ್ ಎಂಪಿ3 ತಂತ್ರವನ್ನು ತಿದ್ದಿ ತೀಡಿದ್ದು ಇದೇ ಹಾಡನ್ನು ಮತ್ತೆ ಮತ್ತೆ ಕೇಳಿ! ಈ ಸಂಗತಿಯನ್ನು ರಾಯರಿಗೆ ಹೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಮೂರನೆಯದು ಕನ್ನಡಕ್ಕೆ ಮೀಸಲು. ಸಕಾರ ಶಕಾರಗಳು ಕಿವಿಗೆ ಚುಚ್ಚುತ್ತವೆಯೇ ಎಂದು ನೋಡಲು ಸಿ. ಅಶ್ವತ್ಥ್ ಹಾಡಿರುವ ಶಿಶುನಾಳ ಶರೀಫರ ಪದ. “ಹೆಸರಲ್ಲೇ ಮೂರು ಶಕಾರ ಇದೆ ನೋಡು!” ಶರೀಫರು ಜೀವಮಾನವಿಡೀ ಹಾಡಿದ ತತ್ತ್ವವೆಲ್ಲ ರಾಯರ ಪಾಲಿಗೆ ಸುಮಾರು 5,000ದಿಂದ 8,000 ಹರ್ಟ್ಜ್‌ವರೆಗಿನ ವ್ಯವಹಾರ.

ಕಡೆಯದು ಭೀಮಸೇನ ಜೋಶಿಯವರ ಒಂದು ಕಛೇರಿಯ ಧ್ವನಿಮುದ್ರಣ. ರಾಗ ಯಾವುದೆಂದು ಮಾತ್ರ ಕೇಳಬೇಡಿ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲೆಳೆಯ ಝೇಂಕಾರ ಬಿಡಿಬಿಡಿಯಾಗಿ ಬಂದರೆ ಅರ್ಧ ಪಾಸು. ಉಳಿದರ್ಧ ಆಲಾಪದ ನಡುವೆ ಕೆಮ್ಮುವ ಪುಣ್ಯಾತ್ಮನ ಕೈಯಲ್ಲಿದೆ. “ಎಡಗಡೆ, ಮೂರನೇ ಸಾಲು! ಕೇಳಿಸ್ತಾ?” ಆ ಒಂದು ಕೆಮ್ಮಿಗಾಗಿ ರಾಯರು 18,000 ರೂಪಾಯಿ ಸುರಿದದ್ದುಂಟು.

ಡಬ್ಬದ ಮೇಲೆ 40,000 ಹರ್ಟ್ಜ್ ಎಂದು ಅಚ್ಚಾಗಿರದಿದ್ದರೆ ಅವರು ಮುಟ್ಟುವುದೂ ಇಲ್ಲ. ಮನುಷ್ಯನ ಕಿವಿಗೆ 20,000ವೇ ಗಡಿ. ವಯಸ್ಸಾದಂತೆ ಅದೂ ಕೆಳಗಿಳಿಯುತ್ತದೆ. ಐವತ್ತೆಂಟು ದಾಟಿದ ರಾಯರಿಗೆ ಕುಕ್ಕರಿನ ಮೂರನೇ ಸೀಟಿ ಕೇಳಿಸದೆ ಮನೆಯಲ್ಲಿ ಬೇಳೆ ಸೀದದ್ದು ಬೇರೆ ಮಾತು. ಮಿಕ್ಕ ಹರ್ಟ್ಜ್ ಎಲ್ಲ ಹಿತ್ತಿಲಿನ ಬಾವಲಿಗಳಿಗೆ ದಾನ.

ಒಮ್ಮೆ ಹೆಂಡತಿ ಆ 18,000 ರೂಪಾಯಿಯ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. “ರೀ, ಎಷ್ಟು ಚೆನ್ನಾಗಿ ಹಾಡ್ತಾರಲ್ಲಾ!”

“ಹಾಡು ಬಿಡು. ಮಿಡ್ಸ್ ಸ್ವಲ್ಪ ಹಿಂದೆ ಸರಿದಿದೆ ಕಣೇ” ಎಂದು ರಾಯರು ಕಿತ್ತುಕೊಂಡರು.

ಆಕೆಯೂ ಬಿಡುವವರಲ್ಲ. ರಾಮನವಮಿಯ ಪೆಂಡಾಲಿಗೆ ಅವರನ್ನು ಎಳೆದೊಯ್ದು ಮುಂದಿನ ಸಾಲಿನಲ್ಲೇ ಕೂರಿಸಿದರು. ವಿದ್ವಾಂಸರು ಕಲ್ಯಾಣಿ ಎತ್ತಿಕೊಂಡರು. ಸಭೆಯೆಲ್ಲ ತಲೆದೂಗುತ್ತಿದ್ದರೆ ರಾಯರ ಮುಖ ಮಾತ್ರ ಬಾಡಿತ್ತು.

“ಯಾಕ್ರೀ, ಏನಾಯ್ತು?”

“ಪಕ್ಕದವನೇ ಕೆಮ್ಮಿದ. ಆದ್ರೂ ಮನೇಲಿ ಕೇಳಿದಷ್ಟು ಕ್ಲಿಯರ್ ಇಲ್ಲ.”

ವಾಪಸು ಬರುವಾಗ ಆಟೋದಲ್ಲಿ ಆಕೆ ಮೆಲ್ಲಗೆ ಕೇಳಿದರು: “ಅಲ್ಲಾ ರೀ, ಪರೀಕ್ಷೆ ಗಿರೀಕ್ಷೆ ಬಿಟ್ಟು, ನಿಮಗೆ ಇಷ್ಟ ಅಂತ ಒಂದು ಹಾಡೂ ಇಲ್ವಾ?”

“ಇದೆ ಕಣೇ” ಎಂದರು ರಾಯರು. “ಒಂದು ಒಳ್ಳೇ ಹೆಡ್‌ಫೋನ್ ಸಿಗಲಿ, ಕೇಳೋಣ ಅಂತ ಹಾಗೇ ಇಟ್ಟಿದ್ದೀನಿ.”