ಗುಜರಿಲೋಹ ಮೀಮಾಂಸೆ

ಗ್ರಂಥಾರಂಭದಲ್ಲಿ ಸುತ್ತಿಗೆಯನ್ನು ಸ್ತುತಿಸಬೇಕಿತ್ತು. ನಮ್ಮ ಸುತ್ತಿಗೆಯ ಕಾವು ಸಡಿಲವಾಗಿದ್ದು, ಸ್ತುತಿಯ ನಡುವೆ ಕಳಚಿ ಬೀಳುವ ಸಂಭವವಿರುವುದರಿಂದ ನೇರವಾಗಿ ಲಕ್ಷಣಕ್ಕೆ ಬರುತ್ತೇವೆ.

ಹವ್ಯಾಸಿ ಕಮ್ಮಾರನೆಂದರೆ ಯಾರು? ಸೋಮವಾರದಿಂದ ಶುಕ್ರವಾರದವರೆಗೆ ಕಂಪ್ಯೂಟರಿನ ಮುಂದೆ ಕೂತು, ಭಾನುವಾರ ಹಿತ್ತಲಲ್ಲಿ ಕಬ್ಬಿಣ ಕಾಯಿಸಿ, ಸಂತೆಯಲ್ಲಿ ನೂರಿನ್ನೂರಕ್ಕೆ ಸಿಗುವ ಚಾಕುವನ್ನು ಸಾವಿರಾರು ರೂಪಾಯಿ ಸುರಿದು ಮಾಡುವವನು. "ರೀ, ಹಾಗಿದ್ರೆ ಸಂತೇಲೇ ತರಬಹುದಿತ್ತಲ್ಲ?" ಎಂಬುದು ಪೂರ್ವಪಕ್ಷ. ಇದಕ್ಕೆ ಈ ಶಾಸ್ತ್ರದಲ್ಲಿ ಇನ್ನೂ ಸಮಾಧಾನ ಹುಟ್ಟಿಲ್ಲವಾದ್ದರಿಂದ ಮುಂದಿನ ಪ್ರಕರಣ.

ಉಪಕರಣಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ತಿದಿಯ ಸ್ಥಾನದಲ್ಲಿ ಹೆಂಡತಿಯ ಹೇರ್ ಡ್ರೈಯರ್. ಅಡಿಗಲ್ಲಿನ ಸ್ಥಾನದಲ್ಲಿ ರೈಲು ಕಂಬಿಯ ತುಂಡು. ಅದು ಎಲ್ಲಿಂದ ಬಂತೆಂದು ಶಾಸ್ತ್ರಕಾರರು ಕೇಳುವುದಿಲ್ಲ.

ದ್ರವ್ಯವೇ ಮುಖ್ಯ. ದ್ರವ್ಯಗಳಲ್ಲಿ ಶ್ರೇಷ್ಠವಾದದ್ದು ಲಾರಿಯ ಸ್ಪ್ರಿಂಗ್ ಪ್ಲೇಟು. ಅದರಲ್ಲಿ ಇಂಗಾಲ ಶೇ. 0.6ರ ಆಸುಪಾಸಿನಲ್ಲಿದ್ದು, ಕೆಂಪಗೆ ಕಾಯಿಸಿ ಎಣ್ಣೆಗಿಟ್ಟರೆ ಗಡುಸಾಗುತ್ತದೆ. ಬೇರಿಂಗಿನಲ್ಲಿ ಶೇ. 1ರಷ್ಟು, ಹಳೇ ಅರದಲ್ಲಿ ಅದಕ್ಕೂ ತುಸು ಹೆಚ್ಚು. ಮನೆ ಕಟ್ಟಿಸಿ ಉಳಿದ ಕಂಬಿಯಲ್ಲಿ ಇಂಗಾಲವೇ ಸಾಲದು. ಎಷ್ಟು ಅದ್ದಿದರೂ ಅದು ಬೆಣ್ಣೆ ಹಚ್ಚಲಷ್ಟೇ ಅರ್ಹ. ಸತುವಿನ ಲೇಪವಿರುವ ಪೈಪನ್ನಂತೂ ಬೆಂಕಿಗೆ ಒಡ್ಡಲೇಬಾರದು, ಆ ಹೊಗೆ ಕುಡಿದವನಿಗೆ ಚಳಿಜ್ವರ ಬರುತ್ತದೆ. ಇದು ಅಣಕವಲ್ಲ.

ಉಕ್ಕೋ ಅಲ್ಲವೋ ಎಂದು ತಿಳಿಯಲು ಪ್ರಮಾಣಗಳು ಮೂರು. ಗ್ರೈಂಡರಿಗೆ ಹಿಡಿದಾಗ ಕಿಡಿ ಕವಲೊಡೆದು ಸಿಡಿದರೆ ಇಂಗಾಲ ಹೆಚ್ಚು, ಉದ್ದನೆಯ ಗೆರೆಯಾಗಿ ಹಾರಿದರೆ ಕಡಿಮೆ: ಇದು ಪ್ರತ್ಯಕ್ಷ. ಲಾರಿಯ ಕೆಳಗಿತ್ತು, ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಗುತ್ತಿತ್ತು, ಆದ್ದರಿಂದ ಉಕ್ಕು: ಇದು ಅನುಮಾನ. "ಒರಿಜಿನಲ್ ಸಾರ್, ಮಿಲಿಟರಿ ಗಾಡೀದು" ಎಂಬ ಗುಜರಿಯವನ ಮಾತು ಆಪ್ತವಾಕ್ಯ. ಮೂರರಲ್ಲಿ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡಬೇಕಾದದ್ದು ಇದೊಂದಕ್ಕೇ.

ಇನ್ನು ಪರಂಪರೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸುಮಾರು ಮೂರು ಸಾವಿರ ವರ್ಷ ಹಳೆಯ ಕಬ್ಬಿಣ ಸಿಕ್ಕಿದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದವರನ್ನು ಕಂಡು ವಿವರವಾಗಿ ಬರೆದಿದ್ದಾನೆ. ನಮ್ಮ ಹವ್ಯಾಸಿ ಹಳ್ಳೂರಿನಿಂದ ಹೊರಟ ಗೆರೆಯನ್ನು ಸೀದಾ ತನ್ನ ಹಿತ್ತಲಿಗೇ ಎಳೆದುಕೊಳ್ಳುತ್ತಾನೆ. ನಡುವೆ ಊರ ಕಮ್ಮಾರಸಾಲೆಯೊಂದು ಇತ್ತೆಂಬುದು ಅವನಿಗೆ ನೆನಪಾಗುವುದು ಅಲಗು ಸೀಳಿದ ಮೇಲೆ.

ಸೀಳುವುದು ಹದ ಹಾಕುವಾಗ. ಸುಮಾರು 770 ಡಿಗ್ರಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಕಾವೇರಿಸಿ, ಇಕ್ಕಳದಲ್ಲಿ ಹಿಡಿದು, ಉಗುರುಬೆಚ್ಚಗಿನ ಎಣ್ಣೆಗೆ ನೆಟ್ಟಗೆ ಇಳಿಸಬೇಕು. ಬುಸ್ಸೆಂದು ಹೊಗೆ ಏಳುತ್ತದೆ. ಆ ಹೊಗೆಯೊಳಗಿಂದ 'ಟಿಣ್' ಎಂಬ ಸಣ್ಣ ಸದ್ದು ಕೇಳಿಸಿದರೆ ಆ ಭಾನುವಾರ ಮುಗಿಯಿತು: ವರ್ಷಗಟ್ಟಲೆ ಲೋಡು ಹೊತ್ತ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಮೊದಲೇ ಇತ್ತು. ಸದ್ದು ಬರದಿದ್ದರೆ ಅಲಗನ್ನು ಉಜ್ಜಿ ಬೆಳ್ಳಗೆ ಮಾಡಿ, ಗಡುಸು ತಗ್ಗಿಸಲು ಮತ್ತೆ ಹಗುರಾಗಿ ಕಾಯಿಸಬೇಕು. ಕಮ್ಮಾರ ಬೆನ್ನಿನ ಕಡೆ ಕಾವು ಕೊಟ್ಟು ಬಣ್ಣ ಹರಿಯುವುದನ್ನೇ ನೋಡುತ್ತಾನೆ. ಮೊದಲು ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ನೇರಳೆ, ನೀಲಿ. ಹಳದಿ ಬಾಯಿ ಮುಟ್ಟಿದ ಗಳಿಗೆಗೆ ನೀರಿಗಿಡುತ್ತಾನೆ. ಹವ್ಯಾಸಿ ಅದೇ ಕೆಲಸಕ್ಕೆ ಅಡುಗೆಮನೆಯ ಓವನ್ನನ್ನು 200 ಡಿಗ್ರಿಗಿಟ್ಟು ಎರಡು ಗಂಟೆ ಕಾಯುತ್ತಾನೆ. ಮುಂದಿನ ಹುಟ್ಟುಹಬ್ಬದ ಕೇಕಿಗೆ ಎಂಜಿನ್ ಆಯಿಲಿನ ವಾಸನೆ ಬರುವುದನ್ನು ಈ ಶಾಸ್ತ್ರದಲ್ಲಿ 'ಆನುಷಂಗಿಕ ಫಲ' ಎನ್ನುತ್ತಾರೆ.

ಅಲಗಿನ ಉದ್ದದ ವಿಷಯದಲ್ಲಿ ಸರ್ಕಾರವೇ ಸೂತ್ರಕಾರ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮನೆಬಳಕೆಯ, ಬೇಸಾಯದ ಹತಾರಗಳಿಗೆ ವಿನಾಯಿತಿ. ಹೀಗಾಗಿ ಹಿತ್ತಲ ಕುಲುಮೆಯ ಕತ್ತಿಗಳೆಲ್ಲ ಎಂಟೂಮುಕ್ಕಾಲು ಇಂಚಿಗೆ ನಿಂತು, ತಾವು ಹುಟ್ಟಿದ್ದೇ ತರಕಾರಿ ಹೆಚ್ಚಲಿಕ್ಕೆ ಎನ್ನುತ್ತವೆ. ತರಕಾರಿ ಹೆಚ್ಚುವುದು ಮಾತ್ರ ಈಳಿಗೆಮಣೆಯಲ್ಲೇ.

ಕೊನೆಯದಾಗಿ ಒಂದು ವಿವಾದ. ಗುಜರಿ ಎಂದರೆ ಎಸೆದ ಲೋಹವೆಂದು ಪ್ರಾಚೀನರ ಮತ. ಇನ್ನೇನು ಎಸೆಯಲಿರುವ ಲೋಹವೂ ಗುಜರಿಯೇ ಎಂದು ನವ್ಯರ ವಾದ. ನಮ್ಮ ಬೀದಿಯ ಹಿರಿಯರೊಬ್ಬರ ಅಂಬಾಸಿಡರ್ ಕಾರಿನ ಹಿಂಬದಿಯ ಪ್ಲೇಟುಗಳನ್ನು ಮುಂದಿಟ್ಟುಕೊಂಡು ಈ ಚರ್ಚೆ ನಡೆಯುತ್ತಿರುವಾಗಲೇ, ಅವರು ಕಾರನ್ನು ಗೇಟಿನ ಒಳಗೆ ನಿಲ್ಲಿಸತೊಡಗಿದ್ದಾರೆ.