ಕಿಟ್ಟೆಲ್ಲರಿಗೆ ಆ್ಯಪ್ ಇರಲಿಲ್ಲ

ಫರ್ಡಿನೆಂಡ್ ಕಿಟ್ಟೆಲ್ ಎಂಬ ಜರ್ಮನ್ ಪಾದ್ರಿ ನಮ್ಮ ನಾಡಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದದ್ದು 1894ರಲ್ಲಿ. ಸುಮಾರು 70,000 ಪದ! ಹಳಗನ್ನಡ ಕಾವ್ಯ, ಗಾದೆ, ಜನರ ಆಡುಮಾತು, ಯಾವುದನ್ನೂ ಬಿಡಲಿಲ್ಲ ಪುಣ್ಯಾತ್ಮ. ನಡುವೆ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ಸಂಪಾದಿಸಿಬಿಟ್ಟರು. ‘ನಿಘಂಟು ಎಲ್ಲಿಗೆ ಬಂತು?’ ಎಂದು ಬಂಧುಗಳು ಕೇಳಿದ್ದರೆ, ‘ಇನ್ನೂ ಕಕಾರದಲ್ಲಿದ್ದೀನಿ’ ಎಂದು ಎಷ್ಟು ವರ್ಷ ಹೇಳಬೇಕಿತ್ತೋ! ಈಗಿನವರಾದರೆ ‘ಅ’ ಮುಗಿದ ದಿನವೇ ಕೇಕ್ ಕತ್ತರಿಸಿ ಸ್ಟೇಟಸ್ ಹಾಕುತ್ತಿದ್ದರು.

ನಮ್ಮ ಬೀದಿಯ ರಾಯರಿಗೆ ಇದನ್ನೆಲ್ಲ ಹೇಳಿದೆ. ಪ್ರತಿ ಜನವರಿಗೂ ಹೊಸ ಡೈರಿ ಕೊಂಡು, ಮೊದಲ ಪುಟದಲ್ಲಿ ಗುರಿಗಳನ್ನು ಬರೆದು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುವವರು ಅವರು. ಸಂಸ್ಕೃತ ಕಲಿಕೆ, ಯೋಗ, ಆತ್ಮಕಥೆ, ಹಿಮಾಲಯ. ಅಡಿಗೆರೆ ಮಾತ್ರ ಸ್ಕೇಲಿಟ್ಟು ಎಳೆದದ್ದು, ಒಂದಿಷ್ಟೂ ಸೊಟ್ಟಗಿರುವುದಿಲ್ಲ.

‘ಅವರಿಗೇನ್ರೀ, ಆಗ ಮೊಬೈಲ್ ಇರಲಿಲ್ಲ’ ಎಂದರು ರಾಯರು, ಗುರಿ ನೆನಪಿಸುವ ಹೊಸ ಆ್ಯಪ್ ಹುಡುಕುತ್ತಾ.

‘ಡೈರಿ ಏನಾಯ್ತು?’ ಎಂದೆ.

ಒಳಗಿನಿಂದ ಅವರ ಮನೆಯವರ ದನಿ ಬಂತು: ‘ಸಂಕ್ರಾಂತಿಯಿಂದ ಅದರಲ್ಲಿ ಹಾಲಿನ ಲೆಕ್ಕ ಬರೀತಿದ್ದೀನಿ. ಒಂದು ದಿನವೂ ತಪ್ಪಿಸಿಲ್ಲ!’