ಜಂಬೂಸವಾರಿಯ ಅರ್ಧಪ್ರೇಕ್ಷಕ

ಮೈಸೂರು ದಸರೆಯ ಪ್ರೇಕ್ಷಕರಲ್ಲಿ ಎರಡು ಬಗೆ: ಅಂಬಾರಿ ನೋಡಿ ಮನೆಗೆ ಹೋಗುವವರು, ಮನೆಗೆ ಹೋಗಿ ಅಂಬಾರಿ ನೋಡುವವರು. ಎರಡನೆಯ ಬಗೆಯವರನ್ನು ಅರ್ಧಪ್ರೇಕ್ಷಕರೆನ್ನಬಹುದು.

ಇವರಿಗೆ ಹಬ್ಬವೆಂದರೆ ಅಲರ್ಜಿಯೇನಿಲ್ಲ. ವಿಜಯದಶಮಿಯ ದಿನ ಎಲ್ಲರಿಗಿಂತ ಮೊದಲು ಎದ್ದು, ಬಂದ ನೆಂಟರನ್ನೆಲ್ಲ ಎಬ್ಬಿಸಿ ಹೊರಡಿಸುವವರೇ ಇವರು. ವಯಸ್ಸು ಸಾಮಾನ್ಯವಾಗಿ ಐವತ್ತರ ಮೇಲೆ. ಕೈಯಲ್ಲಿ ಛತ್ರಿ, ಕಂಕುಳಲ್ಲಿ ಕೂರುವುದಕ್ಕೆ ಹಳೇ ಪೇಪರು, ಚೀಲದಲ್ಲಿ ಪುಳಿಯೋಗರೆ. ಸ್ಕೂಟರನ್ನು ಮೆರವಣಿಗೆಯ ದಾರಿಯಿಂದ ಬಲು ದೂರ, ಮೂತಿಯನ್ನು ಮನೆಯ ಕಡೆಗೇ ತಿರುಗಿಸಿ ನಿಲ್ಲಿಸಿರುತ್ತಾರೆ.

ಇವರ ಸಂಕಟದ ಮೂಲ ಮೆರವಣಿಗೆಯ ಕ್ರಮದಲ್ಲಿದೆ. ಅರಮನೆಯ ಬಲರಾಮ ದ್ವಾರದಲ್ಲಿ ಮುಖ್ಯಮಂತ್ರಿಗಳು ನಂದಿಧ್ವಜಕ್ಕೆ ಪೂಜೆ ಸಲ್ಲಿಸಿದ ಮೇಲೆ ನಿಶಾನೆ ಆನೆ, ನೌಫತ್ ಆನೆಗಳು ಮುಂದಾಗುತ್ತವೆ. ಅವುಗಳ ಹಿಂದೆ ಡೊಳ್ಳು, ಕಂಸಾಳೆ, ವೀರಗಾಸೆ, ಪೂಜಾ ಕುಣಿತದ ತಂಡಗಳು, ನಡುನಡುವೆ ಜಿಲ್ಲೆಜಿಲ್ಲೆಯ ಸ್ತಬ್ಧಚಿತ್ರಗಳು. ಸುಮಾರು 750 ಕಿಲೋ ತೂಕದ ಅಂಬಾರಿಯಲ್ಲಿ ಚಾಮುಂಡೇಶ್ವರಿ ಹೊರಡುವ ಹೊತ್ತಿಗೆ ಇವೆಲ್ಲ ಮುಂದೆ ಸಾಗಿರುತ್ತವೆ. ಆಗ 21 ಕುಶಾಲತೋಪು ಹಾರುತ್ತದೆ. ಬನ್ನಿಮಂಟಪದವರೆಗಿನ ದಾರಿ ಸುಮಾರು 5 ಕಿಲೋಮೀಟರ್, ಆನೆಗೆ ಅವಸರವಿಲ್ಲ. ಜನ ಕಾಯುವುದು ಕೊನೆಗೆ ಬರುವ ಅಂಬಾರಿಗಾಗಿ. ಅರ್ಧಪ್ರೇಕ್ಷಕರ ತಾಳ್ಮೆಯೋ ಸ್ತಬ್ಧಚಿತ್ರಗಳ ನಡುವೆಯೇ ಮುಗಿದಿರುತ್ತದೆ.

ಜ್ಞಾನಕ್ಕೆ ಮಾತ್ರ ಕೊರತೆಯಿಲ್ಲ. ದ್ರೋಣ, ಆಮೇಲೆ ಬಲರಾಮ, 2012ರಿಂದ 2019ರವರೆಗೆ ಅರ್ಜುನ, 2020ರಿಂದ ಅಭಿಮನ್ಯು ಎಂದು ಅಂಬಾರಿ ಹೊತ್ತ ಆನೆಗಳ ವಂಶಾವಳಿಯನ್ನೇ ಒಪ್ಪಿಸುತ್ತಾರೆ. ಅವುಗಳಲ್ಲಿ ಒಂದನ್ನಾದರೂ ಅಂಬಾರಿಯ ಸಮೇತ ರಸ್ತೆಯಲ್ಲಿ ಕಂಡವರಲ್ಲ.

ಈ ವರ್ಗದ ಉತ್ತಮ ಮಾದರಿ ಒಬ್ಬ ಸೋದರಮಾವ. ಒಂದು ವರ್ಷ ಅವರ ಯಜಮಾನಿಕೆಯಲ್ಲಿ ಇಡೀ ಸಂಸಾರ ಬೆಳಿಗ್ಗೆಯೇ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನ ಅಂಚಿನಲ್ಲಿ, ಹಗ್ಗಕ್ಕೆ ಮೂಗು ತಾಗುವಷ್ಟು ಮುಂದೆ, ಜಾಗ ಹಿಡಿದಿತ್ತು. ಬಿಸಿಲಲ್ಲಿ ಒಣಗಿ, ತುಂತುರು ಮಳೆಯಲ್ಲಿ ನೆನೆದು, ಮತ್ತೆ ಒಣಗಿತ್ತು. ಕೊನೆಗೆ ಸ್ತಬ್ಧಚಿತ್ರಗಳು ಬರತೊಡಗಿದವು. ಮಾವ ಗಡಿಯಾರ ನೋಡಿದರು, ಪೇಪರು ಮಡಿಸಿದರು. “ಏಳಿ, ಏಳಿ. ಈಗ ಹೊರಟ್ರೆ ಆರಾಮ.”

ಬರೆಯುವ ಚಟವಿದ್ದ ಅಳಿಯನೊಬ್ಬ ಗೋಗರೆದ: “ಮಾವ, ಅಂಬಾರಿ ಬರಲಿ.”

“ಬರತ್ತೆ ಕಣೋ, ಬರದೆ ಎಲ್ಲಿಗೆ ಹೋಗತ್ತೆ? ನಾವು ಸಿಕ್ಕಾಕ್ಕೊಂಡ್ರೆ ಏನು ಗತಿ?”

ಸಂಸಾರ ಎದ್ದಿತು. ಎದ್ದ ಜಾಗ ಕಣ್ಣು ಮಿಟುಕಿಸುವುದರೊಳಗೆ ಭರ್ತಿಯಾಯಿತು. ಪಕ್ಕದ ಗಲ್ಲಿಗೆ ಹೊಕ್ಕರೆ ಅಲ್ಲಿ ಕಾಲಿಡಲು ಜಾಗವಿಲ್ಲ: ನೂಕುನುಗ್ಗಲಿಗೆ ಮೊದಲೇ ಮನೆ ಸೇರಬೇಕೆಂದು ಹೊರಟ ಮೈಸೂರಿನ ಅರ್ಧಪ್ರೇಕ್ಷಕರೆಲ್ಲ ಅಲ್ಲೇ ಒಬ್ಬರನ್ನೊಬ್ಬರು ನೂಕುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಜನರ ಜಯಕಾರ ಕೇಳಿತು. ಅಂಗಡಿಯ ಬೋರ್ಡಿನ ಸಂದಿಯಲ್ಲಿ ಏನೋ ಹೊಳೆದು ಮಾಯವಾಯಿತು. “ನೋಡಿದೆಯಲ್ಲಾ, ಇನ್ನೇನು!” ಎಂದರು ಮಾವ. ಮನೆಯಲ್ಲಿ ಟಿ.ವಿ. ಹಾಕಿ ಕೈಮುಗಿದು, “ಎಷ್ಟು ಹತ್ತಿರದಿಂದ ಕಾಣ್ತಾಳೆ ತಾಯಿ” ಎಂದು ಭಾವುಕರಾದರು. ಅಳಿಯನ ಮುನಿಸು ಬಿಸಿ ಬೋಂಡದ ಎರಡನೆಯ ತಟ್ಟೆಯವರೆಗೆ ಇತ್ತು.

ಇತರ ಸಂದರ್ಭಗಳಲ್ಲೂ ಇವರನ್ನು ಗುರುತಿಸುವುದು ಸುಲಭ. ಮದುವೆಯಲ್ಲಿ ಮೊದಲ ಪಂಕ್ತಿ. ಬೆಂಗಳೂರಿನ ರೈಲು ಶ್ರೀರಂಗಪಟ್ಟಣ ಬಿಟ್ಟರೆ ಸಾಕು, ಚೀಲದ ಸಮೇತ ಬಾಗಿಲಲ್ಲಿ. ಈ ರೋಗ ತಾಯಿಯ ಕಡೆಯಿಂದಲೂ ಇಳಿಯುತ್ತದೆ: ಮೇಲಿನ ಅಳಿಯ ಈಗೀಗ ಸಂಗೀತ ಕಚೇರಿಯಲ್ಲಿ ಮಂಗಳಕ್ಕೆ ಮುಂಚೆಯೇ ಚಪ್ಪಲಿ ಹುಡುಕುತ್ತಾನೆ.

ಆದರೂ ಹಬ್ಬದ ಊರಿಗೆ ಇವರು ಬೇಕು. ಬನ್ನಿಮಂಟಪದ ಪಂಜಿನ ಕವಾಯತನ್ನೂ ಬಿಡದೆ, ದೀಪಾಲಂಕಾರವನ್ನೂ ಬಿಡದೆ ನೋಡುವ ಪೂರ್ಣಪ್ರೇಕ್ಷಕರು ಕಾಲೆಳೆದುಕೊಂಡು ಬರುವಾಗ ರಾತ್ರಿ ಬಹಳವಾಗಿರುತ್ತದೆ. ಆಗ ಬಾಗಿಲು ತೆಗೆಯುವವರು, ಸಾರು ಬಿಸಿಮಾಡಿಸಿ ಇಟ್ಟಿರುವವರು, ಹಾಸಿಗೆ ಸಾಲದ ನೆಂಟರಿಗೆ ಜಮಖಾನ ಹುಡುಕಿಕೊಡುವವರು ಈ ಅರ್ಧಪ್ರೇಕ್ಷಕರೇ. ಸಂಭ್ರಮವನ್ನು ಕೊನೆಯವರೆಗೆ ಸವಿಯಲು ಕೆಲವರಿಗೆ ಸಾಧ್ಯವಾಗುವುದು, ಮನೆಯಲ್ಲಿ ಯಾರೋ ಇದ್ದಾರೆಂಬ ಧೈರ್ಯದಿಂದ. ಆ ಯಾರೋ ಒಬ್ಬರಿಗೆ ಪ್ರತಿವರ್ಷ ಅರ್ಧ ಮೆರವಣಿಗೆ ನಷ್ಟ. ಅವರು ಲೆಕ್ಕ ಕೇಳಿದವರಲ್ಲ.

ಆದ್ದರಿಂದ ಅಂಬಾರಿ ನೋಡಲೇಬೇಕೆಂಬವರು ಇವರ ಜೊತೆ ಮೆರವಣಿಗೆಗೆ ಹೋಗಬಾರದು. ರಾತ್ರಿ ಊಟಕ್ಕೆ ಮಾತ್ರ ತಪ್ಪದೆ ಇವರ ಮನೆಗೇ ಹೋಗಬೇಕು.